ತಾರೀಕು ಸರಿಪಡಿಸುವಷ್ಟರಲ್ಲಿ ಆಫ್ ಆಗುತ್ತಿದ್ದ ಕಂಪ್ಯೂಟರ್

ಕಾರವಾರದ ಕೋಡಿಬಾಗ ಕಡೆಯ ಒಬ್ಬ ನಿವೃತ್ತ ಮಾಸ್ತರರ ಮನೆ. ಜುಲೈ ತಿಂಗಳು, ಬಿಟ್ಟೂಬಿಡದ ಮಳೆ. ಅಲ್ಲಿದ್ದ ಡೆಸ್ಕ್‌ಟಾಪ್‌ಗೆ ದಿನಾ ಬೆಳಿಗ್ಗೆ ಒಂದೇ ರಗಳೆ. ಆನ್ ಮಾಡಿದರೆ 'ಎಫ್1 ಒತ್ತಿ ಸೆಟಪ್‌ಗೆ ಹೋಗಿ' ಎಂಬ ಸಂದೇಶ. ಒಳಗೆ ಹೋದರೆ ತಾರೀಕು ಹಲವು ವರ್ಷ ಹಿಂದಕ್ಕೆ ಜಾರಿರುತ್ತದೆ. ಅದನ್ನು ತಿದ್ದಿ, ಬೂಟ್ ಆರ್ಡರ್ (ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕೆಂಬ ಕ್ರಮ) ಸರಿಮಾಡಿ, ಸೇವ್ ಮಾಡಲು ಎಫ್10 ಒತ್ತುವ ಮೊದಲೇ ಪಕ್ಕನೆ ಆಫ್. ಸೇವ್ ಆಗಿಲ್ಲದ ಕಾರಣ ಎಲ್ಲ ಮತ್ತೆ ಮೊದಲಿಂದ.

"ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಾಯ್ತು. ಈಗ ಅಂಗಡಿಯವರು ಮದರ್‌ಬೋರ್ಡೇ ಹೋಗಿದೆ ಅಂತಾರೆ" ಎಂದರು ಮಾಸ್ತರರು.

ವಿಂಡೋಸ್ ಹಾಕಿದ್ದು ವ್ಯರ್ಥ ಕೆಲಸ. ಸೆಟಪ್ ಪರದೆ ಓಡುವುದು ಬೋರ್ಡ್ ಮೇಲಿನ ಪುಟ್ಟ ಚಿಪ್‌ನಲ್ಲಿರುವ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶದಿಂದ (ಬಯೋಸ್ ಎನ್ನುವುದೂ ಇದನ್ನೇ). ಆ ಹೊತ್ತಿಗೆ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ. ವಿಂಡೋಸ್‌ನ ಡ್ರೈವರ್, ವಿಂಡೋಸ್‌ನಲ್ಲಿ ಸೇರಿದ ವೈರಸ್ ಯಾವುದೂ ಆಗ ಓಡುತ್ತಿರುವುದಿಲ್ಲ. ನಡೆದದ್ದನ್ನೆಲ್ಲ ದಾಖಲಿಸುವ ವಿಂಡೋಸ್‌ನ ಈವೆಂಟ್ ವ್ಯೂಯರ್‌ನಲ್ಲಿ ಹುಡುಕಿದರೂ ಆ ಆಫ್‌ನ ಗುರುತು ಸಿಗದು. ಹಾಗಾಗಿ ಸೆಟಪ್‌ನಲ್ಲೇ ಆಫ್ ಆಗುವ ಯಂತ್ರದಲ್ಲಿ ಹುಡುಕಬೇಕಾದ ಜಾಗ ತುಂಬ ಕಿರಿದಾಗುತ್ತದೆ: ವಿದ್ಯುತ್, ಶಾಖ, ಸ್ವಿಚ್, ಎಲ್ಲೋ ಒಂದು ಶಾರ್ಟ್. ಇವುಗಳಲ್ಲಿ ಯಾವುದು ಎಂದು ತಿಳಿಯಲು ಮೊದಲು ಬೇಕಾದದ್ದು ಸ್ಕ್ರೂಡ್ರೈವರ್ ಅಲ್ಲ, ಮೊಬೈಲ್‌ನ ಸ್ಟಾಪ್‌ವಾಚ್.

ಸೆಟಪ್ ತೆರೆದು ಕೀಲಿಮಣೆ ಮುಟ್ಟದೆ ಸುಮ್ಮನೆ ಬಿಟ್ಟೆವು. 2 ನಿಮಿಷ 40 ಸೆಕೆಂಡಿಗೆ ಆಫ್. ತಕ್ಷಣ ಮತ್ತೆ ಆನ್ ಮಾಡಿದಾಗ 50 ಸೆಕೆಂಡು. ಮೂರನೇ ಸಲ 35. ಮುಕ್ಕಾಲು ಗಂಟೆ ಬಿಟ್ಟು ನೋಡಿದಾಗ ಮತ್ತೆ ಎರಡೂವರೆ ನಿಮಿಷ. ಅಂದರೆ ಸೆಟ್ಟಿಂಗ್ ಬದಲಿಸುವುದಕ್ಕೂ ಆಫ್ ಆಗುವುದಕ್ಕೂ ಸಂಬಂಧವೇ ಇಲ್ಲ. ತಾರೀಕು ತಿದ್ದಲು ಹಿಡಿಯುವ ಸಮಯ ಅದಕ್ಕೆ ಸಾಕಾಗುತ್ತಿತ್ತು, ಅಷ್ಟೆ. ವಿಶ್ರಾಂತಿ ಕೊಟ್ಟರೆ ಸಮಯ ಹೆಚ್ಚುವುದು, ಕೊಡದಿದ್ದರೆ ಕುಗ್ಗುವುದು ಶಾಖದ ಲಕ್ಷಣ. ಪ್ರತಿ ಸಲವೂ ಸರಿಯಾಗಿ ನಾಲ್ಕು ಸೆಕೆಂಡಿಗೆ ಆಫ್ ಆಗಿದ್ದರೆ ಪವರ್ ಬಟನ್ ಮೇಲೆ ಅನುಮಾನ ಪಡಬೇಕಿತ್ತು. ಬಟನ್ ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಬೋರ್ಡ್ ಬಲವಂತವಾಗಿ ಆಫ್ ಆಗುತ್ತದೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಒಳಗಿನ ತಗಡು ತುಕ್ಕು ಹಿಡಿದು ಬಟನ್ ಒತ್ತಿದಂತೆಯೇ ನಿಂತುಬಿಡುವುದುಂಟು. ಅದನ್ನು ಪರೀಕ್ಷಿಸುವುದು ಸುಲಭ. ಬೋರ್ಡ್‌ನಿಂದ ಪವರ್ ಸ್ವಿಚ್‌ನ ಎರಡು ಪಿನ್ನಿನ ವೈರ್ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ ಆನ್ ಮಾಡಬೇಕು. ಆಗ ಯಂತ್ರ ಆಫ್ ಆಗದೆ ಓಡುತ್ತಲೇ ಇದ್ದರೆ ದೋಷ ಬಟನ್‌ನದೇ.

ಬೋರ್ಡ್‌ಗೆ ವಿದ್ಯುತ್ ಕೊಡುವ ಪವರ್ ಸಪ್ಲೈ ಡಬ್ಬಿಯ ಹೊರಮೈ ತುಕ್ಕು ಹಿಡಿದಿದ್ದರಿಂದ ಅದನ್ನೂ ನೋಡದೆ ಬಿಡುವಂತಿರಲಿಲ್ಲ. 24 ಪಿನ್ ಕನೆಕ್ಟರ್‌ನ ಹಿಂಬದಿಯಿಂದ ಮಲ್ಟಿಮೀಟರ್ ಇಟ್ಟಾಗ ಹಳದಿ ವೈರ್‌ನಲ್ಲಿ 12.08 ವೋಲ್ಟ್, ಕೆಂಪಿನಲ್ಲಿ 5.02, ಕಿತ್ತಳೆಯಲ್ಲಿ 3.31. 12, 5, 3.3 ಇರಬೇಕಾದ ಈ ಮೂರಕ್ಕೂ ಶೇ. 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಹಳದಿ 11.4ಕ್ಕಿಂತ ಕೆಳಗಿಳಿಯಬಾರದು. ಆಫ್ ಆದ ನಂತರ ಬಟನ್ ಒತ್ತಿದ ಕೂಡಲೇ ಯಂತ್ರ ಏಳುತ್ತಿತ್ತು ಎಂಬುದೂ ಒಂದು ಸುಳಿವು. ಸಪ್ಲೈ ತನ್ನ ರಕ್ಷಣೆಗಾಗಿ ತಾನೇ ನಿಂತಿದ್ದರೆ ಬಹುಪಾಲು ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಬೇಕಾಗುತ್ತದೆ.

ಹಾಗಾಗಿ ತಪ್ಪು ಸಪ್ಲೈಯದಲ್ಲ. ಇನ್ನು ಶಾಖ. ಸೆಟಪ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಸಿಪಿಯು, ಅಂದರೆ ಪ್ರೊಸೆಸರ್‌ನ ತಾಪಮಾನ ಕಾಣುತ್ತದೆ. ತೆರೆದಾಗ 61 ಡಿಗ್ರಿ. ನೋಡನೋಡುತ್ತಲೇ 74, 83, 92. ನೂರರ ಹತ್ತಿರ ಬಂದು ಪರದೆ ಕಪ್ಪಾಯಿತು. ಪ್ರೊಸೆಸರ್ ಸುಟ್ಟುಹೋಗದಂತೆ ಬೋರ್ಡ್‌ಗೆ ಸಂಕೇತ ಹೋಗಿ ವಿದ್ಯುತ್ ಕಡಿಯುವ ಈ ವ್ಯವಸ್ಥೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮಾಡುತ್ತದೆ, ಆ ಕ್ಷಣ ಯಾವ ಸಂದೇಶವನ್ನೂ ಕೊಡುವುದಿಲ್ಲ.

ಹಾಗಿದ್ದರೆ ಅದೇ ಯಂತ್ರ ವಿಂಡೋಸ್‌ನಲ್ಲಿ ಪತ್ರ ಟೈಪ್ ಮಾಡುವಾಗ ಗಂಟೆಗಟ್ಟಲೆ ಓಡುತ್ತಿತ್ತಲ್ಲ? ಅಂಗಡಿಯವರು ಎಡವಿದ್ದು ಇಲ್ಲೇ. ಕೆಲಸವಿಲ್ಲದಾಗ ವಿಂಡೋಸ್ ಪ್ರೊಸೆಸರ್ ಅನ್ನು ನಿದ್ದೆಗೆ ಹಾಕುತ್ತದೆ. ಸೆಟಪ್ ಪರದೆ ಹಾಗಲ್ಲ. ಯಾವ ಕೀ ಒತ್ತಿದರು, ಯಾವ ಕೀ ಒತ್ತಿದರು ಎಂದು ಕೇಳುತ್ತ ಬಿಡುವಿಲ್ಲದೆ ಸುತ್ತುತ್ತಿರುತ್ತದೆ. ನೋಡಲು ಖಾಲಿ ನೀಲಿ ಪರದೆ. ಒಳಗೆ ಪ್ರೊಸೆಸರ್ ಎಚ್ಚರವಾಗಿಯೇ ಇರುತ್ತದೆ. ಪ್ರೊಸೆಸರ್ ತಂಪಾಗಿಡುವ ಕೂಲರ್ ಸರಿಯಿದ್ದರೂ ಅಲ್ಲಿ 45ರಿಂದ 55 ಡಿಗ್ರಿ ತೋರಿಸುವುದು ಸಾಮಾನ್ಯ.

ಪಕ್ಕದ ಮುಚ್ಚಳ ತೆಗೆದಾಗ ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು. ಆದರೆ ಅದರ ಕೆಳಗಿನ, ಪ್ರೊಸೆಸರ್‌ನ ಶಾಖ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮುಟ್ಟಿದರೆ ಉಗುರುಬೆಚ್ಚಗಷ್ಟೇ ಇತ್ತು. ಪರದೆಯಲ್ಲಿ 90, ಬೆರಳಿಗೆ ಬೆಚ್ಚಗೆ: ಶಾಖ ಮೇಲೆ ಬರುತ್ತಲೇ ಇಲ್ಲ. ಹೀಟ್‌ಸಿಂಕ್ ಕೂಡ ಸುಡುತ್ತಿದ್ದರೆ ಫ್ಯಾನ್ ಅಥವಾ ದೂಳಿನ ಸಮಸ್ಯೆ ಎನ್ನಬಹುದಿತ್ತು. ಇದು ಸಂಪರ್ಕ ಕಡಿದ ಲಕ್ಷಣ. ಟಾರ್ಚ್ ಹಿಡಿದು ನೋಡಿದರೆ, ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಕೆಳಗಿನದೊಂದು ಮೇಲೆದ್ದಿತ್ತು. ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಶಾಖ ದಾಟಿಸುವ ಒಳಗಿನ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು.

ಎಲ್‌ಜಿಎ 1150 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಈ ಬಗೆಯ ಕೂಲರ್ ತೆಗೆಯುವಾಗ ಪವರ್ ಕಾರ್ಡ್ ಕಿತ್ತಿರಬೇಕು. ಪಿನ್ ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಮೇಲೆಳೆದರೆ ಬಿಡುತ್ತದೆ. ಹಳೆಯ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಿಂದ ಎರಡೂ ಕಡೆ ಹೊಳೆಯುವವರೆಗೆ ಒರೆಸಿ, ಹೊಸ ಪೇಸ್ಟ್ ನಡುವೆ ಒಂದು ದಪ್ಪ ಹೆಸರುಕಾಳಿನಷ್ಟು ಇಟ್ಟರೆ ಸಾಕು. ಬೆರಳಿಂದ ಸವರುವುದು ಬೇಡ, ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ಕೂರಿಸುವ ಮೊದಲು ನಾಲ್ಕೂ ಪಿನ್‌ಗಳನ್ನು ಬಾಣಕ್ಕೆ ವಿರುದ್ಧವಾಗಿ ತಿರುಗಿಸಿಟ್ಟುಕೊಳ್ಳಬೇಕು. ನಂತರ ಮೂಲೆಗೆ ಎದುರು ಮೂಲೆಯಂತೆ, 'ಟಕ್' ಸದ್ದು ಬರುವವರೆಗೆ ಒಂದೊಂದಾಗಿ ಒತ್ತಬೇಕು. ಸದ್ದನ್ನೇ ನಂಬಿ ಮುಚ್ಚಳ ಹಾಕುವುದು ತಪ್ಪು. ಬೋರ್ಡ್ ಹಿಂಬದಿ ನೋಡಿದರೆ ನಾಲ್ಕೂ ತೂತುಗಳಲ್ಲಿ ಪಿನ್‌ನ ಸೀಳು ಅಗಲವಾಗಿ ಬಿಚ್ಚಿಕೊಂಡಿರಬೇಕು. ಒಂದು ಪಿನ್ ಅರ್ಧ ಕೂತರೂ ಕೆಲವೇ ತಿಂಗಳಲ್ಲಿ ಇದೇ ಕತೆ ಮರುಕಳಿಸುತ್ತದೆ.

ತಾರೀಕು ಜಾರುತ್ತಿದ್ದದ್ದು ಬೇರೆಯೇ ದೋಷ. ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ 3 ವೋಲ್ಟ್ ಇರಬೇಕು, 2.4 ಇತ್ತು. ರಾತ್ರಿ ಪ್ಲಗ್ ಸ್ವಿಚ್ ಆಫ್ ಮಾಡುವ ಮನೆಗಳಲ್ಲಿ ಈ ಸೆಲ್ ಬೇಗ ಸೋಲುತ್ತದೆ, ಏಕೆಂದರೆ ಪ್ಲಗ್ ಆನ್ ಇದ್ದಾಗ ಗಡಿಯಾರ ಸಪ್ಲೈಯಿಂದಲೇ ನಡೆಯುತ್ತದೆ. ಸಿಡಿಲಿನ ಭಯವಿರುವ ನಮ್ಮಲ್ಲಿ ಪ್ಲಗ್ ತೆಗೆದಿಡುವುದೇ ಸರಿ, ಸೆಲ್ ಬದಲಿಸಿದರಾಯಿತು.

ಎರಡನ್ನೂ ಮಾಡಿ ಸೆಟಪ್ ತೆರೆದು ಅರ್ಧ ಗಂಟೆ ಬಿಟ್ಟಾಗ ತಾಪಮಾನ 47ರಲ್ಲೇ ನಿಂತಿತ್ತು. ತಾರೀಕು ತಿದ್ದಿ ಎಫ್10 ಒತ್ತಿದಾಗ ಯಂತ್ರ ಮತ್ತೆ ಆಫ್! ಮಾಸ್ತರರ ಕೈ ಪವರ್ ಬಟನ್ ಕಡೆ ಹೋಯಿತು. ಅಲ್ಲಿ ತಡೆಯಬೇಕು. ಸೆಲ್ ಬದಲಿಸಿದ ನಂತರ, ಅಥವಾ ಮೆಮರಿಯ ವೇಗದಂಥ ಸೆಟ್ಟಿಂಗ್ ಬದಲಿಸಿದಾಗ, ಸೇವ್ ಆದ ಮೇಲೆ ಬೋರ್ಡ್ ಪೂರ್ತಿ ಆಫ್ ಆಗಿ ಕೆಲವು ಸೆಕೆಂಡಿನಲ್ಲಿ ತಾನೇ ಏಳುವುದು ಸಹಜ. ಡಿಡಿಆರ್5 ಮೆಮರಿಯ ಹೊಸ ಯಂತ್ರಗಳಲ್ಲಿ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಆಗ ಬಟನ್ ಒತ್ತಿದರೆ ಬೋರ್ಡ್ ಒಳಗೆ ನಡೆಸುತ್ತಿರುವ ಮೆಮರಿ ಹೊಂದಾಣಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಈ ಯಂತ್ರ ನಾಲ್ಕು ಎಣಿಸುವಷ್ಟರಲ್ಲಿ ಎದ್ದಿತು.

ಮುಚ್ಚುವ ಮೊದಲು ಮುಂಭಾಗದ ಯುಎಸ್‌ಬಿ ಕಿಂಡಿಗಳನ್ನು ನೋಡಿದರೆ ಪಿನ್‌ಗಳು ಹಸಿರುಗಟ್ಟಿದ್ದವು. ಬೈತಖೋಲದಿಂದ ಹೊನ್ನಾವರದವರೆಗೆ ಸಮುದ್ರದ ಬದಿಯ ಮನೆಗಳಲ್ಲಿ ಇದು ಮಾಮೂಲು. ಎರಡು ಪಿನ್ ಒಂದಕ್ಕೊಂದು ತಾಗಿದರೆ ಕೆಲವು ಬೋರ್ಡ್‌ಗಳು ಯುಎಸ್‌ಬಿಯಲ್ಲಿ ಅತಿಯಾದ ಕರೆಂಟ್ ಹರಿಯುತ್ತಿದೆ ಎಂದು ತೋರಿಸಿ 15 ಸೆಕೆಂಡಿಗೆ ಆಫ್ ಆಗುತ್ತವೆ. ಈ ಯಂತ್ರ ಆ ಹಂತಕ್ಕೆ ಬಂದಿರಲಿಲ್ಲ. ಆದರೂ ಬೋರ್ಡ್‌ನಿಂದ ಮುಂಭಾಗದ ಯುಎಸ್‌ಬಿ ಕೇಬಲ್ ಕಿತ್ತಿಟ್ಟು, ಪೆನ್‌ಡ್ರೈವ್ ಹಿಂದಿನ ಕಿಂಡಿಗೇ ಹಾಕಲು ಹೇಳಿದ್ದಾಯಿತು.

ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ ಎಂದೂ ಯಾರೋ ಹೇಳಿದ್ದರಂತೆ, ಪೆನ್‌ಡ್ರೈವ್‌ನಲ್ಲಿ ಫೈಲ್ ಕೂಡ ಸಿದ್ಧವಿತ್ತು. ಎರಡೂವರೆ ನಿಮಿಷಕ್ಕೆ ಆಫ್ ಆಗುವ ಯಂತ್ರದಲ್ಲಿ ಅದನ್ನು ಶುರುಮಾಡಿದ್ದರೆ ಎಂಟು ಕಾಲಿನ ಆ ಫರ್ಮ್‌ವೇರ್ ಚಿಪ್‌ಗೆ ಅರ್ಧ ಬರೆದು ನಿಂತು, ಯಂತ್ರ ಏಳದೇ ಹೋಗಬಹುದಿತ್ತು. ಸಿಪಿಯು ಇಲ್ಲದೆಯೂ ಫರ್ಮ್‌ವೇರ್ ಮರಳಿ ತುಂಬುವ ಫ್ಲ್ಯಾಶ್‌ಬ್ಯಾಕ್ ಬಟನ್ ಆ ಬೋರ್ಡ್‌ನಲ್ಲಿ ಇರಲಿಲ್ಲ. ಆ ಫೈಲನ್ನು ಅಳಿಸಿಯೇ ಪೆನ್‌ಡ್ರೈವ್ ವಾಪಸು ಕೊಟ್ಟೆವು.