ಹೆಲ್‌ಕ್ಯಾಟ್‌ಗೆ ಆರ್-2800 ಇಂಜಿನ್: ಕೈಯಿಂದ ಕಟ್ಟುತ್ತಿರುವ ಕೆಲಸ ಇಲ್ಲಿಗೆ ಬಂತು

ಹೆಲ್‌ಕ್ಯಾಟ್ ವಿಮಾನದ ಮಾಡೆಲ್‌ಗೆ ಮಾಡುತ್ತಿರುವ ಪುಟ್ಟ ಇಂಜಿನ್ ಇದು. ಹದಿನೆಂಟೂ ಸಿಲಿಂಡರ್‌ಗಳು ಕ್ರ್ಯಾಂಕ್‌ಕೇಸ್ (ಇಂಜಿನ್‌ನ ನಡುವಿನ ಪೆಟ್ಟಿಗೆ) ಮೇಲೆ ಕೂತಾಯಿತು. ಮುಂದಿನ ಸಾಲಿನ ಪುಶ್‌ರಾಡ್ (ವಾಲ್ವ್ ತೆರೆಯುವ ಕಡ್ಡಿ) ಟ್ಯೂಬ್‌ಗಳೂ ಜಾಗಕ್ಕೆ ಬಂದಿವೆ. ಈಗ ಇಗ್ನಿಷನ್ ವೈರಿಂಗ್ ನಡೆಯುತ್ತಿದೆ. ಮೇಜಿನ ಮೇಲಿಟ್ಟರೆ ಇಂಜಿನ್ ಅಂತ ಗುರುತು ಸಿಗುವ ಹಂತ ಇದು. ಬಣ್ಣ ಹತ್ತುವ ಮೊದಲು, ಇಲ್ಲಿವರೆಗೆ ಏನೇನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ವಿಮಾನ 1:32 ಅಳತೆಯ ಗ್ರಮ್ಮನ್ ಎಫ್6ಎಫ್ ಹೆಲ್‌ಕ್ಯಾಟ್. ಇದು ಅಮೆರಿಕದ ನೌಕಾಪಡೆಯ ಫೈಟರ್, 1942ರಲ್ಲಿ ಮೊದಲ ಸಲ ಹಾರಿತು. ಅದರ ಮೂಗಿನಲ್ಲಿ ಇದ್ದದ್ದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಆರ್-2800 ಡಬಲ್ ವಾಸ್ಪ್. ಒಂದರ ಹಿಂದೆ ಒಂದರಂತೆ ಎರಡು ಸಾಲು, ಸಾಲಿಗೆ 9 ಸಿಲಿಂಡರ್. ಒಟ್ಟು 46 ಲೀಟರ್ ಸಾಮರ್ಥ್ಯ. ನಿಮಿಷಕ್ಕೆ 2700 ಸುತ್ತಿನಲ್ಲಿ 2000 ಹಾರ್ಸ್‌ಪವರ್. ತಣಿಸುವುದಕ್ಕೆ ನೀರಿಲ್ಲ, ಬರೀ ಗಾಳಿ. ಆ ಗಾಳಿಗಾಗಿಯೇ ಇಂಜಿನ್‌ನ ಹೊದಿಕೆಯಾದ ಕೌಲಿಂಗ್‌ನ ಬಾಯಿ ಅಷ್ಟು ದೊಡ್ಡದು. ಹೆಲ್‌ಕ್ಯಾಟ್ ಅನ್ನು ಎದುರಿಂದ ನೋಡಿದವರ ಕಣ್ಣು ಮೊದಲು ಹೋಗುವುದು ಆ ಬಾಯಿಯ ಒಳಗೆ. ಕಿಟ್‌ನ ಜೊತೆ ಬಂದ ಇಂಜಿನ್‌ನಲ್ಲಿ ಪುಶ್‌ರಾಡ್‌ಗಳು ಸಿಲಿಂಡರ್‌ಗೆ ಅಂಟಿಕೊಂಡೇ ಅಚ್ಚಾಗಿವೆ, ಹಿಂದೆ ಬೆಳಕೇ ಕಾಣುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು ಪೂರ್ತಿ ಹೊಸದು ಮಾಡೋಣ ಅಂತ ನಿರ್ಧರಿಸಿದೆ.

ಶುರುವಾಗಿದ್ದು ಅಳತೆಯಿಂದ. ನಿಜವಾದ ಇಂಜಿನ್‌ನ ವ್ಯಾಸ ಸುಮಾರು 1.34 ಮೀಟರ್. 32ರಿಂದ ಭಾಗಿಸಿದರೆ 42 ಮಿ.ಮೀ. ಆಗುತ್ತದೆ. ಕಾಗದದಲ್ಲಿ ಇದು ಸುಲಭ, ಕೌಲಿಂಗ್ ಒಳಗೆ ಅಲ್ಲ. ಕಿಟ್‌ನ ಪ್ಲಾಸ್ಟಿಕ್ ಗೋಡೆ 1 ಮಿ.ಮೀ. ದಪ್ಪ ಇದ್ದರೆ, ನಿಜದ ಲೆಕ್ಕದಲ್ಲಿ ಅದು 32 ಮಿ.ಮೀ. ದಪ್ಪದ ತಗಡು! ಅಷ್ಟು ಜಾಗವನ್ನು ಇಂಜಿನ್ ಬಿಟ್ಟುಕೊಡಬೇಕು, ಇಲ್ಲವೇ ಕೌಲಿಂಗ್ ತೆಳ್ಳಗಾಗಬೇಕು. ನಾನು ಕೌಲಿಂಗ್ ಅನ್ನೇ ಒಳಗಿನಿಂದ ಕೆರೆದು ತೆಳು ಮಾಡಿದೆ. ಬಾಗಿದ ಬ್ಲೇಡ್‌ನಲ್ಲಿ ನಿಧಾನವಾಗಿ ಕೆರೆಯುವುದು, ಆಗಾಗ ದೀಪಕ್ಕೆ ಹಿಡಿದು ನೋಡುವುದು. ಬೆಳಕು ಎಲ್ಲ ಕಡೆ ಒಂದೇ ಸಮ ಹಾಯ್ದರೆ ದಪ್ಪವೂ ಒಂದೇ ಸಮ ಇದೆ ಅಂತ ಅರ್ಥ. ಸಿಲಿಂಡರ್ ತಲೆಗಳನ್ನು ಉಜ್ಜಿ ಗಿಡ್ಡ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಸಿಲಿಂಡರ್ ಗಿಡ್ಡವಾದರೆ ಇಡೀ ಇಂಜಿನ್‌ನ ಗತ್ತು ಹೋಗುತ್ತದೆ.

ಎರಡನೇ ಎಚ್ಚರಿಕೆ ಫೋಟೋಗಳ ವಿಷಯದಲ್ಲಿ. ಆರ್-2800 ಅಂದ ತಕ್ಷಣ ಸಿಕ್ಕ ಫೋಟೋ ಹಿಡಿದು ಕೂರಬಾರದು. ಹೆಲ್‌ಕ್ಯಾಟ್‌ನಲ್ಲಿದ್ದದ್ದು ಬಿ ಸರಣಿಯ ಇಂಜಿನ್. ಆಮೇಲೆ ಬಂದ ಸಿ ಸರಣಿಯಲ್ಲಿ ಮುಂದಿನ ಮೂಗಿನ ಕೇಸ್‌ನ ಆಕಾರವೇ ಬೇರೆ. ಮುಂದಿನಿಂದ ಎದ್ದು ಕಾಣುವುದೇ ಆ ಮೂಗು, ಹಾಗಾಗಿ ಇದು ಸಣ್ಣ ವ್ಯತ್ಯಾಸ ಅಲ್ಲ. ನಾನು ಎದುರಿಗಿಟ್ಟುಕೊಂಡಿರುವ ಫೋಟೋಗಳೆಲ್ಲ ಬಿ ಸರಣಿಯವು.

ಇನ್ನು ಸಿಲಿಂಡರ್. ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದೂ, ಅತಿ ಹೆಚ್ಚು ಖುಷಿ ಕೊಟ್ಟದ್ದೂ ಇದೇ. ಫಿನ್‌ಗಳಿಗೆ (ಸಿಲಿಂಡರ್ ಸುತ್ತ ಬಿಸಿ ಹೊರಹಾಕುವ ತೆಳು ಅಂಚುಗಳು) ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ರಾಡ್ ಮೇಲೆ ತೆಳು ತಾಮ್ರದ ತಂತಿ ಸುತ್ತುವುದು. ಇನ್ನೊಂದು, ಪ್ಲಾಸ್ಟಿಕ್ ಶೀಟ್‌ನಿಂದ ದೊಡ್ಡ ಬಿಲ್ಲೆ, ಸಣ್ಣ ಬಿಲ್ಲೆ ಪಂಚ್ ಮಾಡಿ ಒಂದಾದ ಮೇಲೊಂದು ಬಳೆಯ ಹಾಗೆ ಏರಿಸುವುದು. ತಂತಿ ಬೇಗ ಆಗುತ್ತದೆ, ಆದರೆ ತಂತಿಯ ಅಂಚು ದುಂಡಗಿರುತ್ತದೆ. ಹತ್ತಿರದಿಂದ ನೋಡಿದರೆ ಸ್ಕ್ರೂವಿನ ಸುತ್ತುಗಳ ಹಾಗೆ ಓರೆಯೂ ಇರುತ್ತದೆ. ಬಿಲ್ಲೆಯ ಅಂಚು ಚೂಪು, ನಡುವಿನ ನೆರಳು ಆಳ. ಹಾಗಾಗಿ ಬಿಲ್ಲೆಯ ದಾರಿಯನ್ನೇ ಆರಿಸಿಕೊಂಡೆ. ಫಿನ್‌ಗೆ 0.13 ಮಿ.ಮೀ. ಶೀಟ್, ನಡುವಿನ ಸಂದಿಗೂ ಅದೇ ಶೀಟ್‌ನ ಸಣ್ಣ ಬಿಲ್ಲೆ. ಎಲ್ಲದರ ನಡುವೆ 1 ಮಿ.ಮೀ. ತೂತು. ಅದರಲ್ಲಿ ತಂತಿ ತೂರಿಸಿದರೆ ಬಿಲ್ಲೆಗಳು ಅತ್ತಿತ್ತ ಸರಿಯುವುದಿಲ್ಲ. ತುಂಬಾ ತೆಳು ಸಿಮೆಂಟ್ ಅನ್ನು ಬ್ರಷ್ ತುದಿಯಲ್ಲಿ ತಾಗಿಸಿದರೆ ಸಾಕು, ಅದೇ ಸಂದುಗಳಿಗೆ ಹರಿದು ಹಿಡಿದುಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಫಿನ್ ಕರಗಿ ಮುದ್ದೆಯಾಗುತ್ತದೆ.

ಫಿನ್‌ಗಳ ಸಂಖ್ಯೆ ನಿಜದಷ್ಟೇ ಇಲ್ಲ. ಅದು ಬೇಕೆಂದೇ ಮಾಡಿದ್ದು. ನಿಜವಾದ ಸಿಲಿಂಡರ್‌ನಲ್ಲಿ ಫಿನ್‌ಗಳ ನಡುವಿನ ಸಂದು ಕೆಲವೇ ಮಿ.ಮೀ. 32ರಿಂದ ಭಾಗಿಸಿದರೆ ಅದು 0.1 ಮಿ.ಮೀ. ಆಸುಪಾಸಿಗೆ ಬರುತ್ತದೆ. ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಲೇಪ) ಒಂದು ಸಲ ಹೊಡೆದರೆ ಸಾಕು, ಅಷ್ಟು ಸಂದು ಮುಚ್ಚೇ ಹೋಗುತ್ತದೆ. ಎಣಿಕೆ ಸರಿ ಇದ್ದು ನೆರಳು ಇಲ್ಲದ ಸಿಲಿಂಡರ್‌ಗಿಂತ, ಎಣಿಕೆ ಕಡಿಮೆ ಇದ್ದು ನೆರಳು ಬೀಳುವ ಸಿಲಿಂಡರ್ ಕಣ್ಣಿಗೆ ಹೆಚ್ಚು ನಿಜ ಅನ್ನಿಸುತ್ತದೆ.

ಒಂದು ಮಾಸ್ಟರ್ ಸಿಲಿಂಡರ್ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಉಳಿದದ್ದನ್ನು ರೆಸಿನ್‌ನಲ್ಲಿ ಎರಕ ಹೊಯ್ದೆ. ಹದಿನೆಂಟನ್ನೂ ಕೈಯಲ್ಲೇ ಮಾಡಿದರೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ವೃತ್ತದಲ್ಲಿ ಜೋಡಿಸಿದಾಗ ಕಣ್ಣು ಆ ವ್ಯತ್ಯಾಸವನ್ನು ತಕ್ಷಣ ಹಿಡಿಯುತ್ತದೆ. ಅಚ್ಚಿನ ವಿಷಯದಲ್ಲಿ ಎರಡು ಮಾತು. ಪ್ಲಾಟಿನಂ ಮಾದರಿಯ ಸಿಲಿಕೋನ್ ಬಳಸುವುದಾದರೆ ಮಾಸ್ಟರ್ ಕೂರಿಸುವ ಜೇಡಿಯಲ್ಲಿ ಗಂಧಕ ಇರಬಾರದು. ಇದ್ದರೆ ಅದು ತಾಗಿದ ಕಡೆ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಇನ್ನು ರೆಸಿನ್ ಹೊಯ್ಯುವ ಮೊದಲು ಅಚ್ಚಿನೊಳಗೆ ಟಾಲ್ಕಂ ಪೌಡರ್ ಉದುರಿಸಿ, ಜಾಸ್ತಿಯಾದದ್ದನ್ನು ತಟ್ಟಿ ತೆಗೆಯಬೇಕು. ಆಗ ರೆಸಿನ್ ಸಣ್ಣ ಸಂದುಗಳಿಗೂ ಇಳಿಯುತ್ತದೆ, ಗುಳ್ಳೆ ಕಡಿಮೆ.

ಜೋಡಣೆಗೆ ಕೋನಗಳ ಪಟ್ಟಿ ಬರೆದುಕೊಂಡೆ. ಒಂದು ಸಾಲಿನಲ್ಲಿ 9 ಸಿಲಿಂಡರ್ ಅಂದರೆ ಒಂದಕ್ಕೂ ಇನ್ನೊಂದಕ್ಕೂ 40 ಡಿಗ್ರಿ. ಹಿಂದಿನ ಸಾಲಿಗೂ ಗಾಳಿ ಸಿಗಬೇಕಲ್ಲ, ಅದಕ್ಕೆ ಅದು 20 ಡಿಗ್ರಿ ತಿರುಗಿ, ಮುಂದಿನ ಸಾಲಿನ ಸಂದಿಗಳಲ್ಲಿ ಇಣುಕುತ್ತದೆ. ಇಲ್ಲಿ ತಪ್ಪಬಾರದ ಸಂಗತಿ ಒಂದಿದೆ. 1ನೇ ನಂಬರ್ ಸಿಲಿಂಡರ್ ನೆಟ್ಟಗೆ ಮೇಲಕ್ಕೆ ಇರುತ್ತದೆ, ಅದು ಹಿಂದಿನ ಸಾಲಿನದು. ಹಿಂದಿನ ಸಾಲಿಗೆ ಬೆಸ ಸಂಖ್ಯೆಗಳು, ಮುಂದಿನ ಸಾಲಿಗೆ ಸಮ ಸಂಖ್ಯೆಗಳು. ಹಾಗಾಗಿ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೆಳಕ್ಕೆ ನಿಲ್ಲುವುದು 10ನೇ ನಂಬರ್. ಅಂದರೆ ಎದುರಿಂದ ನೋಡಿದಾಗ ಮುಂದಿನ ಸಾಲಿನ ತುತ್ತತುದಿಯಲ್ಲಿ ಸಂದು, ತಳದಲ್ಲಿ ಸಿಲಿಂಡರ್. ಇದನ್ನು ತಿರುಗಿಸಿ ಕೂರಿಸಿದರೆ ಆಮೇಲೆ ಬರುವ ಪ್ರತಿಯೊಂದು ಭಾಗವೂ ತಪ್ಪು ಜಾಗಕ್ಕೆ ಹೋಗುತ್ತದೆ.

ಪುಶ್‌ರಾಡ್ ಟ್ಯೂಬ್‌ಗಳಿಗೆ 0.8 ಮಿ.ಮೀ. ಸ್ಟೀಲ್ ಟ್ಯೂಬ್. 21 ಗೇಜ್ ಸೂಜಿಯ ಹೊರಗಿನ ಅಳತೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಎಲ್ಲವೂ ಒಂದೇ ಉದ್ದ ಬರಲಿ ಅಂತ ಒಂದು ಸಣ್ಣ ಜಿಗ್ ಮಾಡಿಕೊಂಡು ಕತ್ತರಿಸಿದೆ. ಸಿಲಿಂಡರ್‌ಗೆ ಎರಡು, ಒಂದು ಇನ್‌ಟೇಕ್ ವಾಲ್ವ್‌ಗೆ, ಇನ್ನೊಂದು ಎಕ್ಸಾಸ್ಟ್ ವಾಲ್ವ್‌ಗೆ. ಈ ಇಂಜಿನ್‌ನಲ್ಲಿ ಮುಂದೊಂದು, ಹಿಂದೊಂದು ಕ್ಯಾಮ್ ರಿಂಗ್ (ತಿರುಗುತ್ತಾ ಪುಶ್‌ರಾಡ್‌ಗಳನ್ನು ತಳ್ಳುವ ಬಳೆ) ಇದೆ. ಮುಂದಿನ ಸಾಲಿನ ಪುಶ್‌ರಾಡ್‌ಗಳು ಮುಂದೆ ಬರುತ್ತವೆ, ಹಿಂದಿನ ಸಾಲಿನವು ಹಿಂದೆ ಮರೆಯಾಗುತ್ತವೆ. ಅಂದಮೇಲೆ ಎದುರಿಂದ ಕಾಣಬೇಕಾದದ್ದು 18 ಟ್ಯೂಬ್ ಮಾತ್ರ. ಹಿಂದಿನ ಸಾಲಿಗೂ ಮುಂದುಗಡೆ ಪುಶ್‌ರಾಡ್ ಅಂಟಿಸಿದ ಮಾಡೆಲ್‌ಗಳು ಚೆನ್ನಾಗಿ ಬಣ್ಣ ಹಚ್ಚಿದ್ದರೂ ನನಗೆ ಸಮಾಧಾನ ಕೊಡುವುದಿಲ್ಲ. ಆ ರಾಡ್‌ಗಳನ್ನು ತಳ್ಳುವುದಕ್ಕೆ ಅಲ್ಲಿ ಕ್ಯಾಮ್ ಇಲ್ಲವಲ್ಲ! ನನ್ನ ಹಿಂದಿನ ಸಾಲಿನ ಸಿಲಿಂಡರ್‌ಗಳು ಅದೇ ಅಚ್ಚಿನವು, ಆದರೆ ಮುಖ ಹಿಂದಕ್ಕೆ ತಿರುಗಿಸಿ ಕೂರಿಸಿದ್ದೇನೆ.

ಈ ಕೆಲಸದಲ್ಲಿ ನಾನು ಬಿಡದೆ ಹಿಡಿದುಕೊಂಡಿರುವ ನಿಯಮವೂ ಇದೇ. ಪ್ರತಿ ಟ್ಯೂಬ್, ಪ್ರತಿ ವೈರ್ ಎಲ್ಲಿಂದಲೋ ಹೊರಟು ಎಲ್ಲಿಗೋ ಸೇರಬೇಕು. ಸುಮ್ನೆ ತುಂಬಿ ಕಾಣಲಿ ಅಂತ ಒಂದು ಎಳೆಯನ್ನೂ ಹಾಕುವುದಿಲ್ಲ.

ಇಗ್ನಿಷನ್ ವೈರಿಂಗ್‌ಗೆ ಬಂದಾಗ ಇದು ಇನ್ನೂ ಮುಖ್ಯ. ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್, ಒಟ್ಟು 36. ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋಗಳು ಮೂಗಿನ ಕೇಸ್ ಮೇಲೆ ಕೂತಿವೆ, ಅಲ್ಲಿಂದ ಬಂದ ಕರೆಂಟ್ ಮುಂದಿರುವ ಒಂದು ರಿಂಗ್ ಮೂಲಕ ಎಲ್ಲ ಪ್ಲಗ್‌ಗಳಿಗೆ ಹಂಚಿಹೋಗುತ್ತದೆ. ರಿಂಗ್ ಅನ್ನು ಹಿತ್ತಾಳೆ ತಂತಿಯಲ್ಲಿ ಮಾಡಿದೆ. ಬೇಕಾದ ವ್ಯಾಸಕ್ಕಿಂತ ಸ್ವಲ್ಪ ಸಣ್ಣ ಕೊಳವೆಗೆ ಸುತ್ತಿದರೆ ತಂತಿ ಬಿಚ್ಚಿಕೊಂಡು ಸರಿಯಾದ ಅಳತೆಗೆ ನಿಲ್ಲುತ್ತದೆ. ವೈರ್‌ಗಳಿಗೆ 0.3 ಮಿ.ಮೀ. ಸೀಸದ ತಂತಿ. ತಾಮ್ರಕ್ಕೆ ಸ್ಪ್ರಿಂಗ್ ಗುಣ ಇದೆ, ಬಗ್ಗಿಸಿದಷ್ಟೂ ಹಿಂದಕ್ಕೆ ಬರುತ್ತದೆ. ಸೀಸ ಬಗ್ಗಿಸಿದ ಕಡೆ ನಿಲ್ಲುತ್ತದೆ, ಮೂಲೆಯಲ್ಲಿ ಮುರುಟುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು. ಪೂರ್ತಿ ಪ್ರೈಮರ್‌ನಿಂದ ಮುಚ್ಚುವುದೂ ಮುಖ್ಯ, ಬರಿಯ ಸೀಸ ಕಾಲ ಕಳೆದಂತೆ ಬಿಳಿ ಪುಡಿ ಬಿಡುತ್ತದೆ.

ಮುಂದಿನ ಸಾಲಿನ ಮುಂದಿನ ಪ್ಲಗ್‌ಗಳಿಗೆ ಹೋಗುವ 9 ವೈರ್ ಪೂರ್ತಿ ಕಾಣುತ್ತವೆ. ಅವು ಹಾಕಿ ಆಗಿದೆ. ಉಳಿದವು ಸಿಲಿಂಡರ್‌ಗಳ ಸಂದಿಯಲ್ಲಿ ಹಿಂದಕ್ಕೆ ನುಸುಳುತ್ತವೆ. ಅವುಗಳ ತುದಿ ಯಾರಿಗೂ ಕಾಣುವುದಿಲ್ಲ, ಆದರೂ ಸಂದಿಯೊಳಗೆ ಎಷ್ಟು ದೂರ ಬೆಳಕು ಹೋಗುತ್ತದೋ ಅಷ್ಟು ದೂರ ಒಯ್ಯುತ್ತಿದ್ದೇನೆ. ಪ್ಲಗ್‌ಗೆ ವೈರ್ ಸೇರುವ ಕಡೆ ಮೊಣಕೈಯಂತೆ ಒಂದು ಬಾಗು ಇದೆ. ಅದಕ್ಕೆ ಸೀಸದ ತಂತಿಯನ್ನೇ ಬಗ್ಗಿಸಿ, ತುದಿಗೆ ಇನ್ನೂ ದಪ್ಪ ಟ್ಯೂಬ್‌ನ ತುಂಡು ತೊಡಿಸಿದ್ದೇನೆ.

ಬಣ್ಣದ ಯೋಜನೆ ಹೀಗಿದೆ. ಮೊದಲು ಎಲ್ಲಕ್ಕೂ ಕಪ್ಪು ಪ್ರೈಮರ್. ಮೂಗಿನ ಕೇಸ್‌ಗೆ ತಿಳಿ ಬೂದು. ಸಿಲಿಂಡರ್‌ಗಳಿಗೆ ಗಾಢ ಲೋಹದ ಬಣ್ಣ, ಫಿನ್ ಅಂಚುಗಳಿಗೆ ಒಣ ಬ್ರಷ್‌ನಲ್ಲಿ ಅಲ್ಯುಮಿನಿಯಂ ತಾಗಿಸುವುದು, ಸಂದುಗಳಿಗೆ ಕಂದು ಎಣ್ಣೆ ಬಣ್ಣದ ತೆಳು ವಾಶ್. ವೈರ್‌ಗಳು ಸಿಲಿಂಡರ್‌ಗಿಂತ ತಿಳಿಯಾಗಿರಬೇಕು, ಇಲ್ಲದಿದ್ದರೆ ಇಷ್ಟು ಕೆಲಸವೂ ಕತ್ತಲಲ್ಲಿ ಕರಗುತ್ತದೆ.

ಹಿಂದುಗಡೆಯ ಸೂಪರ್‌ಚಾರ್ಜರ್, ಕಾರ್ಬುರೇಟರ್ ಭಾಗ ಮಾಡುತ್ತಿಲ್ಲ. ಪ್ಯಾನೆಲ್‌ಗಳು ಮುಚ್ಚಿಯೇ ಇರುತ್ತವೆ.

ಇನ್ನು ಬಾಕಿ ಇರುವುದು: ಮೂಗಿನ ಮೇಲಿನ ಪ್ರೊಪೆಲರ್ ಗವರ್ನರ್ (ಪ್ರೊಪೆಲರ್ ವೇಗ ಹಿಡಿತದಲ್ಲಿಡುವ ಭಾಗ), ಸಿಲಿಂಡರ್‌ಗಳ ನಡುವಿನ ಗಾಳಿ ತಡೆಯ ತಗಡುಗಳು, ಸಂದಿಯ ವೈರ್‌ಗಳು. ತಗಡುಗಳಿಗೆ ತೆಳು ಅಲ್ಯುಮಿನಿಯಂ ಹಾಳೆ ಕತ್ತರಿಸಿ ಇಟ್ಟಿದ್ದೇನೆ. ಅವು ಬಂದರೆ ಹಿಂದಿನ ಸಾಲು ಇನ್ನಷ್ಟು ಮರೆಯಾಗುತ್ತದೆ, ಹಾಗಾಗಿ ಅದರ ಬಣ್ಣ ಮುಗಿಸಿದ ಮೇಲೆಯೇ ಅಂಟಿಸುವುದು. ಕೂರಿಸುವಾಗ ನೋಡಬೇಕಾದದ್ದು ಇನ್ನೊಂದಿದೆ. ಹೆಲ್‌ಕ್ಯಾಟ್‌ನ ಇಂಜಿನ್ ನೆಟ್ಟಗಿಲ್ಲ, 3 ಡಿಗ್ರಿ ಕೆಳಕ್ಕೆ ಬಾಗಿದೆ. ಫೈರ್‌ವಾಲ್ (ಇಂಜಿನ್ ಹಿಂದಿನ ಗೋಡೆ) ಮೇಲೆ ಮೊದಲು ಅಂಟಿಲ್ಲದೆ ಒಣದಾಗಿ ಇಟ್ಟು, ಕೌಲಿಂಗ್ ತೊಡಿಸಿ, ಪ್ರೊಪೆಲರ್ ಶಾಫ್ಟ್ ಬಾಯಿಯ ಸರಿ ನಡುವೆ ಬರುತ್ತದಾ ಅಂತ ಅಳೆಯುತ್ತೇನೆ. ಬಂದರೆ ಪ್ರೈಮರ್.