ಚೌತಿ ವಾರದ ರೋಸ್ಟರ್

ತಾಯಿ ತಮ್ಮ ಮೊಬೈಲನ್ನು ನನ್ನ ಟೇಬಲ್ ಮೇಲೆ ಇಟ್ಟರು. ಅದರಲ್ಲಿ ರೈಲು ಟಿಕೆಟ್. ಮುಂಬೈಯ ದಾದರ್‌ನಿಂದ ಕೊಂಕಣದ ಕುಡಾಳ, ತುತಾರಿ ಎಕ್ಸ್‌ಪ್ರೆಸ್, ಸೆಪ್ಟೆಂಬರ್ 5, ಕನ್ಫರ್ಮ್.

"ಮ್ಯಾಡಮ್, ಇದು ಮೇ ತಿಂಗಳಲ್ಲೇ ತೆಗೆಸಿದ್ದು" ಅಂದರು.

ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಮನೆಯಲ್ಲಿ ನಾನು "ಇವತ್ತು ತಾಯಿ ಬೈದರು" ಅಂದಾಗಲೆಲ್ಲ ಅಮ್ಮ "ನಾನ್ಯಾವಾಗ ಬೈದೆ?" ಅಂತ ನಗುತ್ತಿದ್ದರು. ಘಾಟ್ಕೋಪರ್‌ನ ಮಾಲ್ ಒಂದರ ಬಟ್ಟೆ ಅಂಗಡಿಯಲ್ಲಿ ನನಗೆ ಕುರ್ತಾ ಮಡಚಲು ಕಲಿಸಿದವರು ಈ ತಾಯಿ. ಸೈಜ್ ಪ್ರಕಾರ ಹ್ಯಾಂಗರ್ ಜೋಡಿಸುವುದು, ಟ್ರಯಲ್ ರೂಮಿಗೆ ಎಷ್ಟು ಪೀಸ್ ಹೋಯಿತು ಎಷ್ಟು ಬಂತು ಅಂತ ಮಾತಾಡುತ್ತಲೇ ಎಣಿಸುವುದು, ಎಲ್ಲ ಅವರದೇ ಪಾಠ. ಮೂರು ವರ್ಷ ನನ್ನನ್ನು "ಏ ಪೋರಿ" ಅಂತ ಕರೆದವರು. ಮ್ಯಾಡಮ್ ಅಂದದ್ದು ಅವತ್ತೇ ಮೊದಲು. ತಮಾಷೆಗೂ ಅಲ್ಲ, ಕೊಂಕಿಗೂ ಅಲ್ಲ. ಸುಮ್ನೆ, ಆ ಕುರ್ಚಿಯಲ್ಲಿ ಕೂತವರನ್ನು ಹಾಗೇ ಕರೆಯುವುದು ಅನ್ನುವ ಹಾಗೆ.

ಬಿಕಾಂ ಓದುವಾಗ ಶನಿವಾರ, ಭಾನುವಾರ ಮತ್ತು ರಜೆಯ ದಿನ ಅಲ್ಲಿ ಕೆಲಸ ಮಾಡುತ್ತಿದ್ದೆ. 2024ರಲ್ಲಿ ಡಿಗ್ರಿ ಮುಗಿಯಿತು. ಒಳಗಿನವರಿಗೇ ಅಂತ ಒಂದು ಪರೀಕ್ಷೆ, ಒಂದು ಇಂಟರ್‌ವ್ಯೂ ಇಟ್ಟರು. ಲೇಡೀಸ್ ಮತ್ತು ಕಿಡ್ಸ್ ಸೆಕ್ಷನ್‌ಗೆ ಡಿಪಾರ್ಟ್‌ಮೆಂಟ್ ಮ್ಯಾನೇಜರ್ ಆದೆ. ಅಂಗಡಿಯ ಭಾಷೆಯಲ್ಲಿ ಡಿಎಂ. ಹಳೆಯ ಡಿಎಂ ಜೂನ್‌ನಲ್ಲೇ ಬೇರೆ ಬ್ರಾಂಚಿಗೆ ಹೋಗಿದ್ದರು.

ನನ್ನ ಮೊದಲ ದಿನ ಜುಲೈ 8, ಸೋಮವಾರ. ಮುಂಬೈಯವರಿಗೆ ಆ ತಾರೀಖು ನೆನಪಿರಬಹುದು. ರಾತ್ರಿ ಒಂದರಿಂದ ಬೆಳಗ್ಗೆ ಏಳರೊಳಗೆ ಕೆಲವು ಕಡೆ 300 ಮಿಲಿಮೀಟರ್ ದಾಟಿ ಮಳೆ ಬಿತ್ತು. ಸೆಂಟ್ರಲ್ ಲೈನ್ ಕೆಟ್ಟು ಕೂತಿತ್ತು. ಇಸ್ತ್ರಿ ಮಾಡಿದ ಹೊಸ ಶರ್ಟು ಹಾಕಿಕೊಂಡು ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಂಟೆ ನಿಂತು ಮನೆಗೆ ವಾಪಸ್ ಬಂದೆ. ಮ್ಯಾನೇಜರ್‌ಗಿರಿ ಶುರುವಾದದ್ದು ಮಂಗಳವಾರ.

ಮೊದಲ ವಾರ ಬೆನ್ನು ನೋವು. ಅದೂ ಕೂತು ಕೂತು! ಮೂರು ವರ್ಷ ನಿಂತೇ ಕೆಲಸ ಮಾಡಿದ ಮೈಗೆ ಕುರ್ಚಿ ಒಗ್ಗಲಿಲ್ಲ. ಫ್ಲೋರ್‌ನಲ್ಲಿ ಕೂರುವ ಹಾಗಿರಲಿಲ್ಲ. ಗಿರಾಕಿ ಇಲ್ಲದಿದ್ದರೂ ನಿಂತಿರಬೇಕು. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನು ತಂದರು. ಆ ಸುದ್ದಿಯನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಕ್ಕೆ ತಾಯಿ ಕಳಿಸಿದ ಉತ್ತರ ಒಂದು ಕುರ್ಚಿಯ ಚಿತ್ರ ಮತ್ತು ಎರಡು ಕೈ ಮುಗಿದ ಇಮೋಜಿ.

ಆಮೇಲೆ ಆಗಸ್ಟ್ ಬಂತು. ಹೆಡ್ ಆಫೀಸಿನಿಂದ ಮೇಲ್: ಸೆಪ್ಟೆಂಬರ್ 5ರಿಂದ 17ರವರೆಗೆ ಯಾರಿಗೂ ರಜೆ ಇಲ್ಲ. ಆ ವರ್ಷ ಚೌತಿ 7ನೇ ತಾರೀಖು ಶನಿವಾರ, ಅನಂತ ಚತುರ್ದಶಿ 17ಕ್ಕೆ. ಮೇಲ್ ಬರೆದವರು ಕ್ಯಾಲೆಂಡರ್ ಏನೋ ಸರಿಯಾಗೇ ನೋಡಿದ್ದರು.

ಆದರೆ ಕೊಂಕಣದವರಿಗೆ ಗಣಪತಿ ಅಂದರೆ ಊರು. ಮುಂಬೈಯಲ್ಲಿ ದುಡಿಯುವ ರತ್ನಾಗಿರಿ, ಸಿಂಧುದುರ್ಗದ ಜನಕ್ಕೆ ಚಾಕರಮಾನಿ ಅಂತಾರೆ. ದೀಪಾವಳಿಗೆ ಹೋಗದಿದ್ದರೂ ನಡೆದೀತು, ಗಣಪತಿಗೆ ಹೋಗಲೇಬೇಕು. ನಮ್ಮ ಕುಂದಾಪುರದ ಕಡೆಗೆ ಹೋಗುವ ಮತ್ಸ್ಯಗಂಧವೂ ಅದೇ ಕೊಂಕಣ ರೈಲಿನ ಹಳಿ ಹಿಡಿದೇ ಹೋಗುವುದು. ಹಾಗಾಗಿ ಆ ಟಿಕೆಟ್ಟಿನ ಪಾಡು ನಮ್ಮ ಮನೆಗೂ ಗೊತ್ತು. ಆಗ ರಿಸರ್ವೇಶನ್ 120 ದಿನ ಮುಂಚೆ ತೆರೆಯುತ್ತಿತ್ತು. ಅಂದರೆ ಸೆಪ್ಟೆಂಬರ್ ಟಿಕೆಟ್‌ಗೆ ಮೇ ತಿಂಗಳಲ್ಲಿ ಬೆಳಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂರಬೇಕು. ಎಂಟೂ ಐದಕ್ಕೆ ನೋಡಿದರೆ ವೇಟಿಂಗ್ ಲಿಸ್ಟ್. ನಮ್ಮ ಸೆಕ್ಷನ್ನಿನವರು ಹಾಗೆ ಕೂತು ಟಿಕೆಟ್ ತೆಗೆದಿದ್ದರು. ಹಳೆಯ ಡಿಎಂ "ನೋಡೋಣ, ಆಗುತ್ತೆ" ಅಂದಿದ್ದರಂತೆ. ಬಾಯಿಮಾತು. ಮೇ ತಿಂಗಳಲ್ಲಿ ಈ ಮ್ಯಾಡಮ್ ಕೊನೆಯ ಸೆಮಿಸ್ಟರ್ ಪರೀಕ್ಷೆಯ ಗುಂಗಿನಲ್ಲಿದ್ದಳು.

ನನ್ನ ಕೆಳಗೆ 18 ಜನ. ರಜೆ ಕೇಳಿದವರು ಆರು. ಸ್ಟೋರ್ ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಮೇಲ್ ತೋರಿಸಿದರು, ತಲೆ ಕೆರೆದುಕೊಂಡರು, ಆಮೇಲೆ ಹೇಳಿದರು: "ಮೂರು ಜನ. ಅದರ ಮೇಲೆ ಒಬ್ಬರೂ ಇಲ್ಲ. ಯಾವ ಮೂರು ಅನ್ನೋದು ನಿನ್ನ ತಲೆನೋವು."

ರೋಸ್ಟರ್ ಹಾಳೆ ನೋಡಿದವರಿಗೆ ಅದು ಬರೀ ಚೌಕಗಳು. ಎಂ ಅಂದರೆ ಮಾರ್ನಿಂಗ್, ಸಿ ಅಂದರೆ ಕ್ಲೋಸಿಂಗ್, ಡಬ್ಲ್ಯೂಓ ಅಂದರೆ ವೀಕ್ಲಿ ಆಫ್. ಫ್ಲೋರ್‌ನಲ್ಲಿದ್ದಾಗ ನಾನು ನನ್ನ ಸಾಲು ಮಾತ್ರ ನೋಡುತ್ತಿದ್ದೆ. ಈಗ 18 ಸಾಲು. ಮಹಾರಾಷ್ಟ್ರದ 2017ರ ಅಂಗಡಿ ಕಾನೂನಿನಲ್ಲಿ ಆಗ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಲೇಬೇಕು. ಹೆಂಗಸರನ್ನು ರಾತ್ರಿ ಒಂಬತ್ತೂವರೆ ಮೇಲೆ ಇರಿಸಿಕೊಳ್ಳಬೇಕಾದರೆ ಅವರ ಒಪ್ಪಿಗೆ ಬೇಕು, ಮನೆಗೆ ಕಳಿಸುವ ವ್ಯವಸ್ಥೆ ಬೇಕು. ನಮ್ಮಲ್ಲಿ ಶಟರ್ ಎಳೆಯುವುದೇ ಹತ್ತಕ್ಕೆ. ಹಾಗಾಗಿ ಕ್ಲೋಸಿಂಗ್ ಯಾವಾಗಲೂ ಹುಡುಗರ ತಲೆಗೇ ಬೀಳುತ್ತದೆ. ಇದೆಲ್ಲ ಡಿಗ್ರಿಯಲ್ಲಿ ಒಂದು ಪ್ಯಾರಾ ಆಗಿ ಬಂದಿತ್ತು. ಪರೀಕ್ಷೆಗೆ ಬರೆದೂ ಇದ್ದೆ. ಆ ಪ್ಯಾರಾದಲ್ಲಿ ಗೊತ್ತಿರುವವರ ಮುಖ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ರಾತ್ರಿ ಹನ್ನೆರಡರವರೆಗೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದೆ. ಅಪ್ಪ ನೀರು ಕುಡಿಯಲು ಎದ್ದು ಬಂದರು.

"ಎಂತಾ ಮಗಾ, ಇನ್ನೂ ಮಲ್ಕಣ್ಲಿಲ್ಯಾ?"

ಹೇಳಿದೆ. ಅಪ್ಪ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಸಪ್ಲೈಯರ್ ಆಗಿ, ಕೊನೆಗೆ ಗಲ್ಲೆಯ ಮೇಲೆ ಕೂತವರು. ಏನಾದರೂ ಉಪಾಯ ಹೇಳುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು ಇಷ್ಟು: ಒಂದು ವರ್ಷ ಊರಿನ ಹಬ್ಬಕ್ಕೆ ಅಂತ ಹುಡುಗರೆಲ್ಲ ಒಟ್ಟಿಗೇ ರಜೆ ಹಾಕಿದರಂತೆ. ಧಣಿ ಲುಂಗಿ ಎತ್ತಿ ಕಟ್ಟಿ ತಾವೇ ದೋಸೆ ಕಲ್ಲಿನ ಮುಂದೆ ನಿಂತರಂತೆ. ಗಲ್ಲೆಯಲ್ಲಿ ಯಾರೂ ಇರಲಿಲ್ಲ. ಸಂಜೆ ಲೆಕ್ಕ ನೋಡಿದರೆ ದುಡ್ಡೇ ಕಮ್ಮಿ. "ದೋಸೆ ಮಾತ್ರ ಭಾರೀ ಲಾಯ್ಕ್ ಆಯ್ದಿತ್" ಅಂತ ನಕ್ಕು ಮಲಗಲು ಹೋದರು. ನನಗೆ ಸಿಟ್ಟು ಬಂತು. ಇದೊಂದು ಸಲಹೆಯಾ?

ನಾನೇ ಒಂದು ನಿಯಮ ಮಾಡಿದೆ. ಟಿಕೆಟ್ ಕನ್ಫರ್ಮ್ ಆದವರಿಗೆ ರಜೆ. ಯಾರೂ ಬೆರಳು ತೋರಿಸುವ ಹಾಗಿಲ್ಲ, ರೈಲ್ವೆಯೇ ತೀರ್ಮಾನ ಮಾಡಿದ ಹಾಗೆ. ತಾಯಿಯದು ಕನ್ಫರ್ಮ್. ಇನ್ನಿಬ್ಬರದೂ ಆಗಿತ್ತು. ಅಲ್ಲಿಗೆ ಮೂರು. ಉಳಿದವರಲ್ಲಿ ಇಬ್ಬರ ಮನೆ ಗಣಪತಿ ಮುಂಬೈಯಲ್ಲೇ, ಒಂದೂವರೆ ದಿನದ್ದು. ಅವರಿಗೆ ಆಫ್ ಅದಲು ಬದಲು ಮಾಡಿದರೆ ಸಾಕಾಯಿತು. ಉಳಿದದ್ದು ಒಬ್ಬ ಹುಡುಗ. ಸಿಂಧುದುರ್ಗದ ಕಣಕವಲಿಯ ಹತ್ತಿರದ ಹಳ್ಳಿಯವನು. ನಾನು ಸೇರಿದ ತಿಂಗಳೇ ಅವನೂ ಸೇರಿದ್ದು. ಊಟದ ಬ್ರೇಕಿನಲ್ಲಿ ಅವನ ಡಬ್ಬಿಯ ಮೀನು ಸಾರಿಗೂ ನನ್ನ ನೀರುದೋಸೆಗೂ ಸದಾ ಅದಲು ಬದಲು. ಅವನ ಟಿಕೆಟ್ ವೇಟಿಂಗ್ 87.

ಹೇಳಿದಾಗ ಅವನು "ಠೀಕ್ ಆಹೆ" ಅಂದ. ಅಷ್ಟೇ.

ರೋಸ್ಟರ್ ಸಹಿಯಾಗಿ ಗೋಡೆಗೆ ಅಂಟಿದ ಮೇಲೆ ಒಂದು ದಿನ ಅವನು ಬಂದ. ಗಣಪತಿಗೆ ಅಂತ ಬಿಡುವ ಸ್ಪೆಷಲ್ ರೈಲಿನಲ್ಲಿ ಅವನ ಅಣ್ಣನಿಗೆ ಎರಡು ಸೀಟು ಸಿಕ್ಕಿದ್ದವು. ಈಗ ನನ್ನ ನಿಯಮದ ಪ್ರಕಾರ ಅವನದೂ ಕನ್ಫರ್ಮ್. ಸ್ಟೋರ್ ಮ್ಯಾನೇಜರ್ ಹತ್ತಿರ ಮತ್ತೆ ಹೋದೆ. "ಮೂರು ಅಂದಿದ್ದೆ" ಅಂದರು. ತಲೆ ಎತ್ತಿಯೂ ನೋಡಲಿಲ್ಲ. ನಾನು ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಡಿಎಂ ಆಗಿ ಎರಡು ತಿಂಗಳೂ ಆಗಿರಲಿಲ್ಲ, ಹೆದರಿಕೆ.

ಸೆಪ್ಟೆಂಬರ್ 6, ಶುಕ್ರವಾರ ಸಂಜೆ. ಬಟ್ಟೆ ಅಂಗಡಿಯಲ್ಲಿ ನಿಜವಾದ ಗಣಪತಿ ಅದೇ. ಮರುದಿನ ಪೂಜೆ, ಇವತ್ತು ನೆನಪಾಗುತ್ತದೆ. ಮಕ್ಕಳ ಧೋತಿ-ಕುರ್ತಾ ಸೆಟ್ ಎರಡು ವರ್ಷದ ಸೈಜ್ ಇಲ್ಲ. ರೆಡಿಮೇಡ್ ನೌವಾರಿ, ಅಂದರೆ ಒಂಬತ್ತು ಗಜದ ಸೀರೆಯ ಮುಂದೆ ಜಗಳ. ಟ್ರಯಲ್ ರೂಮಿನ ಹೊರಗೆ ಬಟ್ಟೆಯ ಗುಡ್ಡ. ತಾಯಿ ಇದ್ದಿದ್ದರೆ ಆ ಗುಡ್ಡ ಕಾಲು ಗಂಟೆಯಲ್ಲಿ ರ‍್ಯಾಕ್ ಸೇರುತ್ತಿತ್ತು. ಅವರು ಆ ಹೊತ್ತಿಗೆ ಕುಡಾಳದಲ್ಲಿ ಗಣಪತಿಯ ಮೇಲೆ ಹಣ್ಣು-ಕಾಯಿ ತೂಗುಹಾಕುವ ಮಾಟೋಳಿ ಕಟ್ಟುತ್ತಿದ್ದರೇನೋ.

ನಾನು ಐಡಿ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಗುಡ್ಡದ ಮುಂದೆ ನಿಂತೆ. ಮಡಚಿದೆ, ಟ್ಯಾಗ್ ನೋಡಿದೆ, ಸೈಜ್ ನೋಡಿದೆ, ರ‍್ಯಾಕಿಗೆ ಇಟ್ಟೆ. ಕೈ ತಾನಾಗೇ ಓಡಿತು. ಒಬ್ಬ ಅಜ್ಜಿಗೆ ಮೊಮ್ಮಗಳ ಪರಕರ-ಪೋಲ್ಕಾ ಹುಡುಕಿಕೊಟ್ಟೆ. ಅವರು ನನ್ನ ತಲೆ ಸವರಿದರು. ಎರಡು ತಿಂಗಳಲ್ಲಿ ಮೊದಲ ಸಲ ಈ ಅಂಗಡಿಯಲ್ಲಿ ನನಗೆ ಏನೋ ಬರುತ್ತದೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ಇದ್ದೆನೋ.

"ನೀನು ಇಲ್ಲಿ ಏನು ಮಾಡ್ತಿದ್ದೀಯ?"

ಸ್ಟೋರ್ ಮ್ಯಾನೇಜರ್. ಅವರು ಕೈ ತೋರಿಸಿದ ಕಡೆ ನೋಡಿದೆ. ಬಿಲ್ಲಿಂಗ್ ಕ್ಯೂ ಕಿಡ್ಸ್ ಸೆಕ್ಷನ್ ದಾಟಿ ಎಸ್ಕಲೇಟರ್‌ವರೆಗೆ ಬೆಳೆದಿತ್ತು. ನಾಲ್ಕು ಕೌಂಟರಿನಲ್ಲಿ ಒಂದರ ಪ್ರಿಂಟರ್ ರೋಲ್ ಮುಗಿದು ಕೂತಿತ್ತು. ಕ್ಯಾಷಿಯರ್ ಹುಡುಗಿ ನನಗೆ ಮೂರು ಸಲ ಫೋನ್ ಮಾಡಿದ್ದಳು. ರೋಲ್ ಇದ್ದ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿ. ಜನ ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲಲ್ಲೇ ಬಿಟ್ಟು ಹೋಗುತ್ತಿದ್ದರು. ನಾನು ಮಡಚಿಟ್ಟದ್ದರ ಮೂರು ಪಟ್ಟು ಬಟ್ಟೆ ಕ್ಯೂನ ಉದ್ದಕ್ಕೂ ಬಿದ್ದಿತ್ತು.

ಅವರು ಎಲ್ಲರ ಮುಂದೆ ಬೈಯಲಿಲ್ಲ, ಅದೊಂದು ಪುಣ್ಯ. ಶಟರ್ ಎಳೆದ ಮೇಲೆ ಕೂರಿಸಿ, "ಮಡಚೋಕೆ ನಿನಗಿಂತ ಕಡಿಮೆ ಸಂಬಳಕ್ಕೆ ಜನ ಇದ್ದಾರೆ" ಅಂದರು. ಮಾತು ಸರಿ ಇತ್ತು. ಹೇಳಿದ ರೀತಿ ಇವತ್ತಿಗೂ ಚುಚ್ಚುತ್ತದೆ. ಆ ಕಡಿಮೆ ಸಂಬಳದ ಜನ ನಾನೇ ಆಗಿದ್ದೆ, ಜೂನ್‌ವರೆಗೆ.

ಕೊನೆಯ ಲೋಕಲ್‌ಗಳ ಹೊತ್ತು ಅಂತ ಅವತ್ತು ಕಂಪನಿ ಕ್ಯಾಬ್ ಇತ್ತು. ದಾರಿಯುದ್ದಕ್ಕೂ ಅಪ್ಪನ ಧಣಿ ನೆನಪಾದರು. ದೋಸೆ ಲಾಯ್ಕ್ ಆಗಿತ್ತು, ಗಲ್ಲೆ ಖಾಲಿ ಇತ್ತು. ಅಪ್ಪ ಸಲಹೆಯನ್ನೇ ಕೊಟ್ಟಿದ್ದರು. ನಾನು ನಗೆಚಾಟಿಕೆ ಅಂದುಕೊಂಡಿದ್ದೆ.

ಆದರೆ ನನಗೆ ಜಾಸ್ತಿ ಕಾಡುವುದು ಶುಕ್ರವಾರ ಅಲ್ಲ, ಶನಿವಾರ. ಹಬ್ಬದ ದಿನ ಬೆಳಗ್ಗೆ ಮಾಲಿನಲ್ಲಿ ನೊಣ ಕೂಡ ಇರಲಿಲ್ಲ. ಎಲ್ಲರೂ ಮನೆಯಲ್ಲಿ ಆರತಿ ಎತ್ತುತ್ತಿದ್ದರು. ಹನ್ನೊಂದರಿಂದ ಒಂದರವರೆಗೆ ನಮ್ಮ ಸೆಕ್ಷನ್ನಿನಲ್ಲಿ ನಾಲ್ಕೇ ಬಿಲ್. ಕಣಕವಲಿಯ ಹುಡುಗ ಮೊದಲೇ ಸರಿ ಇದ್ದ ಟೀ ಶರ್ಟ್ ರಾಶಿಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದ. ಸುಮ್ಮನೆ ನಿಂತರೆ ಕ್ಯಾಮೆರಾದಲ್ಲಿ ಕಾಣುತ್ತದೆ ಅಂತ ನಾವೆಲ್ಲ ಹಾಗೇ ಮಾಡುವುದು. ಅವನ ಮೊಬೈಲಿನಲ್ಲಿ ಅಣ್ಣನ ವಿಡಿಯೋ ಕಾಲ್ ಬಂತು. ಕಟ್ ಮಾಡಿದ. ಮತ್ತೆ ಬಂತು. "ಬ್ಯಾಕ್ ಸ್ಟೋರಿಗೆ ಹೋಗಿ ಮಾತಾಡು" ಅಂದೆ. "ಬೇಡ ಮ್ಯಾಡಮ್" ಅಂದ.

ಅವನೂ ಮ್ಯಾಡಮ್ ಅಂದ.

ಆ ಮೇಲ್ ಬರೆದವರಿಗೆ ಹಬ್ಬದ ತಾರೀಖು ಗೊತ್ತಿತ್ತು, ಹಬ್ಬದ ದಿನ ಅಂಗಡಿ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂರು ವರ್ಷ ಆ ಖಾಲಿ ಬೆಳಗನ್ನು ನಿಂತು ನೋಡಿದ್ದೆ. ಹಳೆಯ ಬಿಲ್ ಲೆಕ್ಕ ತೆಗೆದು, ಇಂಥ ದಿನ ಇಷ್ಟೇ ಜನ ಸಾಕು ಅಂತ ತೋರಿಸಿದ್ದರೆ ನಾಲ್ಕನೆಯವನೂ ಹೋಗುತ್ತಿದ್ದನೋ ಏನೋ. ಫ್ಲೋರ್‌ನಿಂದ ಮೇಲೆ ಬಂದವಳಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ಅದನ್ನು ಮರೆತು, ಮಡಚುವುದೊಂದನ್ನು ನೆನಪಿಟ್ಟುಕೊಂಡಿದ್ದೆ.

ಮುಂದಿನ ವಾರ ಮತ್ತೊಂದು ಗೊಂದಲ. ಈದ್ 16ಕ್ಕೆ, ವಿಸರ್ಜನೆ 17ಕ್ಕೆ. ಎರಡೂ ಒಟ್ಟಿಗೆ ಬೇಡ ಅಂತ ಮುಂಬೈಯಲ್ಲಿ ಈದ್ ಜುಲೂಸ್ 18ಕ್ಕೆ ಹೋಯಿತು, ಸರ್ಕಾರಿ ರಜೆಯೂ 18ಕ್ಕೆ. ನನ್ನ ಹಾಳೆ ಮತ್ತೆ ತಪ್ಪಿತು. ಈ ಸಲ ಬಿಲ್ ಲೆಕ್ಕ ಹಿಡಿದುಕೊಂಡೇ ಹೋದೆ. ಇಬ್ಬರ ಆಫ್ 18ಕ್ಕೆ ಬದಲಾಯಿತು. ಸ್ಟೋರ್ ಮ್ಯಾನೇಜರ್ ಎರಡು ನಿಮಿಷವೂ ತಗೊಳ್ಳಲಿಲ್ಲ. ಅಷ್ಟು ಸುಲಭವಿತ್ತು ಅನ್ನುವುದೇ ಬೇಜಾರು.

ತಾಯಿ ಊರಿನಿಂದ ಮಾಲ್ವಣಿ ಖಾಜೆ ಅನ್ನುವ ಸಿಹಿತಿಂಡಿಯ ದೊಡ್ಡ ಪೊಟ್ಟಣ ತಂದರು. ಎಲ್ಲರಿಗೂ ಹಂಚಿ, ನನ್ನ ಪಾಲನ್ನು ಟೇಬಲ್ ಮೇಲೆ ಕಾಗದದಲ್ಲಿ ಇಟ್ಟು ಹೋದರು. ಮೊದಲೆಲ್ಲ ನೇರ ಬಾಯಿಗೇ ತುರುಕುತ್ತಿದ್ದರು.

ಆ ನವೆಂಬರ್‌ನಿಂದ ರೈಲ್ವೆ ರಿಸರ್ವೇಶನ್ ಅವಧಿಯನ್ನು 120ರಿಂದ 60 ದಿನಕ್ಕೆ ಇಳಿಸಿತು. ಬೇರೆಯವರಿಗೆ ಹೇಗೋ, ನನಗೆ ಅದು ಒಳ್ಳೆಯ ಸುದ್ದಿ. 2025ರ ಚೌತಿ ಆಗಸ್ಟ್ 27ಕ್ಕೆ. ಟಿಕೆಟ್ ತೆರೆಯುವುದು ಜೂನ್ ಕೊನೆಗೆ. ಅದಕ್ಕೆ ಮುಂಚೆ ರಜೆ ತೀರ್ಮಾನ ಆಗಿಬಿಟ್ಟರೆ ಯಾರ ಟಿಕೆಟ್ಟೂ ನೋಡುವ ಅಗತ್ಯ ಇಲ್ಲ. ಡಿಸೆಂಬರ್‌ನಲ್ಲಿ ಬ್ರೀಫಿಂಗ್ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಮುಂದಿನ ವರ್ಷ ಯಾವ ದಿನ ಊರಿಗೆ ಹೋಗಲೇಬೇಕೋ ಬರೆದುಕೊಡಿ ಅಂದೆ. ಕೆಲವರು ನಕ್ಕರು. ಎಂಟು ತಿಂಗಳ ಮುಂಚೆ ಯಾರು ರಜೆ ಕೇಳುತ್ತಾರೆ?

ಸಂಜೆ ಡಬ್ಬಿಯಲ್ಲಿ ಹನ್ನೊಂದು ಚೀಟಿ ಇದ್ದವು. ಒಂದರಲ್ಲಿ ಹೆಸರಿರಲಿಲ್ಲ. ಅಕ್ಷರ ಮಾತ್ರ ನನಗೆ ಗೊತ್ತಿತ್ತು, ಮೂರು ವರ್ಷ ಒಂದೇ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದವರು ನಾವು. "ಆಗಸ್ಟ್ 24ರಿಂದ ಸೆಪ್ಟೆಂಬರ್ 2. ಟಿಕೆಟ್ ಇನ್ನೂ ಇಲ್ಲ."

ಹೊಸ ಹಾಳೆ ತೆಗೆದು ಮೊದಲ ಸಾಲಿನಲ್ಲಿ ಅದನ್ನೇ ಬರೆದೆ.