ಹಿನ್ನೀರಿನ ದೋಣಿಗೆ ಯಾವ ಅಲ್ಯೂಮಿನಿಯಂ?

ಶರಾವತಿ ಹಿನ್ನೀರಿಗೆ ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ ಮಾಡಿಸುತ್ತೇನೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ನಂಬರ್: 5083, ಮೆಗ್ನೀಸಿಯಂ ಬೆರೆಸಿದ ಒಂದು ಅಲ್ಯೂಮಿನಿಯಂ ಗ್ರೇಡ್. ಉಪ್ಪುನೀರು ತಡೆಯುತ್ತದೆ ಅನ್ನುವುದು ಅವರ ಕಾರಣ. ಲಿಂಗನಮಕ್ಕಿಯಲ್ಲಿ ಉಪ್ಪೆಲ್ಲಿಂದ ಬರಬೇಕು? 5083 ಇಲ್ಲಿಗೂ ಬೇಕು, ಆದರೆ ಬೇರೆ ಕಾರಣಕ್ಕೆ, ಅದೂ ತಳಕ್ಕೆ ಮಾತ್ರ.

ಕಾರಣ ಬೊಡ್ಡೆಗಳು. ಬೇಸಿಗೆಯಲ್ಲಿ ನೀರು ಇಳಿದಂತೆ ಅಣೆಕಟ್ಟಿನ ಕಾಲದಲ್ಲಿ ಮುಳುಗಿದ ಮರಗಳ ಒಣ ಕೊರಡು ನೀರಿನ ಮಟ್ಟಕ್ಕೆ ಒಂದು ಗೇಣು ಕೆಳಗೇ ನಿಂತಿರುತ್ತವೆ. ಅದರ ಮೇಲೆ ದೋಣಿ ಉಜ್ಜಿದಾಗ ತಳ ಗುಳಿ ಬೀಳದೆ ನಿಲ್ಲಬೇಕು. 5083-ಎಚ್116 (ಎಚ್ ಮುಂದಿನ ಅಂಕಿ ಹಾಳೆಯನ್ನು ಎಷ್ಟು ಗಟ್ಟಿ ಮಾಡಿದ್ದಾರೆ ಅನ್ನುವ ಗುರುತು) ಕನಿಷ್ಠ 215 ಮೆಗಾಪಾಸ್ಕಲ್ ಒತ್ತಡದವರೆಗೆ ಬಾಗದೆ ತಡೆಯುತ್ತದೆ. ಇನ್ನೊಂದು ಗ್ರೇಡ್ 5052-ಎಚ್32 ತಡೆಯುವುದು 160. ಬೆಸುಗೆ ಬಿದ್ದ ಜಾಗದಲ್ಲಿ ಎರಡೂ ಮೆತ್ತಗಾಗುತ್ತವೆ, 5083 ಸುಮಾರು 125ಕ್ಕೆ, 5052 ಸುಮಾರು 65ಕ್ಕೆ. ನೋಡಬೇಕಾದ್ದು ಬೆಸುಗೆ ಬಿದ್ದ ಜಾಗದ ಈ ಅಂಕಿಗಳನ್ನೇ. ಆದ್ದರಿಂದ ತಳಕ್ಕೆ 4 ಮಿ.ಮೀ. 5083, ಪಕ್ಕಗಳಿಗೆ, ಸೀಟಿಗೆ 2.5 ಅಥವಾ 3 ಮಿ.ಮೀ. 5052 ಹಾಕಿಸಿ. ತಳದ ವಿಸ್ತೀರ್ಣ 5.5 ಚದರ ಮೀಟರ್ ಅಂದುಕೊಂಡರೆ 3 ಮಿ.ಮೀ.ಗೆ 44 ಕೆ.ಜಿ., 4 ಮಿ.ಮೀ.ಗೆ 58 ಕೆ.ಜಿ. ಈ ಹದಿನಾಲ್ಕು ಕೆ.ಜಿ. ಉಳಿಸಲು ಹೋಗಬೇಡಿ.

5052ರಲ್ಲಿ ಇನ್ನೊಂದು ಅನುಕೂಲ, ಅದು ಮಡಚಲು ಬಗ್ಗುತ್ತದೆ. 3 ಮಿ.ಮೀ. ಹಾಳೆಯನ್ನು ಒಳಗಡೆ 4–5 ಮಿ.ಮೀ. ತ್ರಿಜ್ಯದಲ್ಲಿ ಮಡಚಿದರೂ ಬಿರುಕು ಬಿಡುವುದಿಲ್ಲ. 5083ಕ್ಕೆ ದಪ್ಪದ ಎರಡು–ಮೂರು ಪಟ್ಟು ತ್ರಿಜ್ಯ ಬೇಕು. ಅಂಚುಗಳಲ್ಲಿ ಮಡಿಕೆ ಬರುವ ಭಾಗಕ್ಕೆ ಅದನ್ನು ಕೊಟ್ಟರೆ ಪ್ರೆಸ್‌ನವನು ಬೈದುಕೊಳ್ಳುತ್ತಾನೆ.

8×4 ಅಡಿ ಹಾಳೆ ತಂದರೆ ಹದಿನಾಲ್ಕು ಅಡಿಯ ತಳಕ್ಕೆ ಅಡ್ಡ ಜೋಡಣೆ ಬಂದೇ ಬರುತ್ತದೆ. ಆ ಜೋಡಣೆ ದೋಣಿಯ ನಟ್ಟನಡುವೆ ಬರದಂತೆ, ಅಡ್ಡಪಟ್ಟಿಯ ಹತ್ತಿರ ಬರುವಂತೆ ಕತ್ತರಿಸುವ ಮೊದಲೇ ಗೀಟು ಹಾಕಿಕೊಳ್ಳಿ.

6061-ಟಿ6 ಅನ್ನುವ ಮತ್ತೊಂದು ಗ್ರೇಡ್ ಬಗ್ಗೆ ಎರಡು ಮಾತು. ಪೈಪ್, ಆಂಗಲ್, ಚಾನಲ್‌ಗೆ ಚೆನ್ನ. ಅಂಗಡಿಯಲ್ಲಿ ಎಚ್‌ಇ-30 ಅಂತ ಸಿಗುವುದೂ ಅದೇ ಬಳಗದ್ದು. ಬೆಸೆದ ಕೂಡಲೇ ಆ ಜಾಗದ ಗಟ್ಟಿತನ ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಆದ್ದರಿಂದ ಬೋಲ್ಟ್ ಹಾಕಿ ಕೂರಿಸುವ ಕಡೆ ಬಳಸಿ. ಬಸ್ಸಿನ ನೆಲಕ್ಕೆ ಹಾಕುವ ಚೆಕ್ಕರ್ ಪ್ಲೇಟ್ ದೋಣಿಯ ನೆಲಕ್ಕಾದರೆ ಆಯಿತು, ಹೊರಮೈಗೆ ಬೇಡ.

ಬಿಲ್ಲಿನಲ್ಲಿ ‘ಮರೈನ್ ಗ್ರೇಡ್’ ಅಂತ ಬರೆದರೆ ಅದಕ್ಕೆ ಅರ್ಥವಿಲ್ಲ. ಗ್ರೇಡ್, ಅದರ ಮುಂದಿನ ಎಚ್116 ಅಥವಾ ಎಚ್32, ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ನಂಬರ್) ಮತ್ತು ಹಾಳೆಯ ಮೇಲೆ ಅಚ್ಚಾದ ನಂಬರ್, ಇವೆಲ್ಲ ತಾಳೆಯಾಗಬೇಕು.

ಬೆಸುಗೆಗೆ 5356 ತಂತಿ. ಇದು 5083ಕ್ಕೂ 5052ಕ್ಕೂ, ಎರಡನ್ನೂ ಕೂಡಿಸುವುದಕ್ಕೂ ಆಗುತ್ತದೆ. ಎಂಜಿನ್ ಹೆಡ್ ಬೆಸೆಯುವ ವರ್ಕ್‌ಶಾಪ್‌ಗಳಲ್ಲಿ ಸಾಮಾನ್ಯವಾಗಿ 4043 ತಂತಿ ಇರುತ್ತದೆ. ಅದರ ಸಿಲಿಕಾನ್ 5083ರ ಮೆಗ್ನೀಸಿಯಂ ಜೊತೆ ಸೇರಿ ಬೆಸುಗೆ ಗಾಜಿನಂತೆ ಮುರಿಯುವ ಹಾಗಾಗುತ್ತದೆ. ನೋಡಲು ಹೊಳಪಾಗಿ ನಯವಾಗಿ ಬರುತ್ತದೆ ಅನ್ನುವುದೇ ಅದರ ಮೋಸ.

ಮಲೆನಾಡಿನ ಮಳೆಗಾಲದಲ್ಲಿ ಬೆಸುಗೆಗೆ ದೊಡ್ಡ ಶತ್ರು ತೇವ. ನೀರಿನ ಆವಿಯ ಹೈಡ್ರೋಜನ್ ಕರಗಿದ ಲೋಹದೊಳಗೆ ಸೇರಿ, ಗಟ್ಟಿಯಾಗುವಾಗ ಸಣ್ಣ ಸಣ್ಣ ತೂತು ಬಿಡುತ್ತದೆ. ಹಾಳೆಗಳನ್ನು ಒಂದರ ಮೇಲೊಂದು ಮಲಗಿಸಿಟ್ಟರೆ ನಡುವೆ ನೀರು ಕೂತು ಬಿಳಿ ಕಲೆ ಏಳುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಿ. ಬಿಚ್ಚಿದ ತಂತಿ ಸುರುಳಿಯನ್ನು ಬಲ್ಬ್ ಉರಿಯುವ ಪೆಟ್ಟಿಗೆಯಲ್ಲಿಡಿ. ಮೊದಲು ಅಸಿಟೋನ್‌ನಿಂದ ಜಿಡ್ಡು ಒರೆಸಿ, ಆಮೇಲೆ ಸ್ಟೇನ್‌ಲೆಸ್ ಬ್ರಷ್. ಹಿಂದುಮುಂದಾದರೆ ಬ್ರಷ್ಷೇ ಎಣ್ಣೆಯನ್ನು ಲೋಹದೊಳಕ್ಕೆ ತಿಕ್ಕುತ್ತದೆ. ಕಬ್ಬಿಣ ತಿಕ್ಕಿದ ಬ್ರಷ್ ಮುಟ್ಟಲೇಬೇಡಿ.

ಕೆಲಸ ಶುರುವಾಗುವ ಮುನ್ನ ಎರಡು ಚೂರನ್ನು ‘ಟಿ’ ಆಕಾರದಲ್ಲಿ ಒಂದೇ ಬದಿ ಬೆಸೆಸಿ, ಸುತ್ತಿಗೆಯಿಂದ ಹೊಡೆದು ಮುರಿಯಿರಿ. ಮುರಿದ ಮುಖ ಒತ್ತೊತ್ತಾಗಿ ಬೂದುಬಣ್ಣದ್ದಿರಬೇಕು. ರಾಗಿಕಾಳಿನಂಥ ತೂತು ಸಾಲಾಗಿ ಕಂಡರೆ ಅವತ್ತು ಬೆಸುಗೆ ಬೇಡ.

ಇಷ್ಟೆಲ್ಲ ಮಾಡಿದ ದೋಣಿಗೂ ತೂತು ಬೀಳುವುದುಂಟು, ಸಾಮಾನ್ಯವಾಗಿ ಒಳಗಿನಿಂದ. ಕಾರಣ ಅದರಲ್ಲಿ ಸಾಗಿಸುವ ತೋಟದ ಔಷಧಿ, ಗೊಬ್ಬರ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ ನೀರಿಗೆ ಬೆರೆಸಿದ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದ ನೀರು ಚೆಲ್ಲಿದರೆ ಅದರ ತಾಮ್ರ ಅಲ್ಯೂಮಿನಿಯಂ ಮೇಲೆ ಕೆಂಪು ಚುಕ್ಕೆಯಾಗಿ ಕೂರುತ್ತದೆ, ಆ ಚುಕ್ಕೆಯ ಸುತ್ತ ಲೋಹ ಕೊರೆಯುತ್ತ ಹೋಗುತ್ತದೆ. ಸುಣ್ಣದ ಕ್ಷಾರ ಮೇಲಿನ ರಕ್ಷಣಾ ಪದರವನ್ನೇ ಕರಗಿಸುತ್ತದೆ. ಪೊಟ್ಯಾಷ್ ಚೀಲ ಸೋರಿದರೆ ಅದರಲ್ಲಿರುವುದು ಕ್ಲೋರೈಡ್. ಸಿಹಿನೀರಿನ ದೋಣಿಯೊಳಗೆ ನೀವೇ ಸಮುದ್ರ ತಂದಿಟ್ಟ ಹಾಗೆ. ಅದರ ಮೇಲೆ ಒದ್ದೆ ಗೋಣಿಚೀಲ ವಾರಗಟ್ಟಲೆ ಬಿದ್ದಿದ್ದರೆ ಗಾಳಿ ಆಡದೆ ಅಡಿಯಲ್ಲಿ ಕೊರೆತ ಶುರುವಾಗುತ್ತದೆ. ಪಂಪಿನ ಹಿತ್ತಾಳೆ ಫುಟ್‌ವಾಲ್ವ್ ತಳದ ನೀರಿನಲ್ಲಿ ಮರೆತುಬಿಟ್ಟರೂ ಇದೇ ಕಥೆ.

ಆದ್ದರಿಂದ ಔಷಧಿ, ಗೊಬ್ಬರ ಪ್ಲಾಸ್ಟಿಕ್ ಟ್ರೇ ಮೇಲೆ ಬರಲಿ, ಚೆಲ್ಲಿದರೆ ಅವತ್ತೇ ಹೊಳೆ ನೀರು ಸುರಿದು ತೊಳೆಯಿರಿ. ನೆಲದ ಹಲಗೆ ಬಿಚ್ಚಲು ಬರುವಂತೆ ಬೋಲ್ಟ್ ಹಾಕಿಸಿ, ವರ್ಷಕ್ಕೊಮ್ಮೆ ಬಿಚ್ಚಿ ಅಡಿಯ ಕೆಸರು ತೆಗೆಯಿರಿ. ದೋಣಿಯನ್ನು ಬೋರಲು ಹಾಕುವಾಗ ಹೊಸ ಸಿಮೆಂಟ್ ನೆಲದ ಮೇಲೆ ಬೇಡ, ಅದೂ ಕ್ಷಾರವೇ. ಅಡಿಕೆ ದಬ್ಬೆಯ ಮೇಲಿಡಿ.